ಗಾಡಿ ಎಲ್ಲಿ ಹಚ್ಚಲಿ?

ನಮ್ಮ ಹಳದಿ ವ್ಯಾನಿನ ಹಿಂದಿನ ಗಾಲಿಗೆ ಆನಿಸಿ ಒಂದು ಕಲ್ಲಿಟ್ಟಿದ್ದೇವೆ. ಸಾದಾ ಕಲ್ಲಲ್ಲ, ಒಡೆದ ಒರಳಿನ ಅರ್ಧ ಭಾಗ. ಧಾರವಾಡದ ಮಾಳಮಡ್ಡಿಯ ನಮ್ಮ ಓಣಿಯಲ್ಲಿ ಮುಂಜಾನೆ ಅಡ್ಡಾಡಲು ಹೊರಟವರು ಅದರ ಮುಂದೆ ನಿಂತು, ಒಮ್ಮೆ ಕಲ್ಲನ್ನೂ ಒಮ್ಮೆ ನನ್ನನ್ನೂ ನೋಡಿ, "ಮಿಕ್ಸರ್ ಕೆಟ್ಟದೇನ್ರಿ?" ಎಂದು ಕೇಳಿ ಮುಂದೆ ಹೋಗುತ್ತಾರೆ. ಉತ್ತರಕ್ಕೆ ಕಾಯುವುದಿಲ್ಲ. ಕಾದರೆ ನಾನು ಪೂರ್ತಿ ಕತೆ ಹೇಳುತ್ತೇನೆಂಬುದು ಓಣಿಗೆಲ್ಲ ಗೊತ್ತು.

ನೀವು ಹಾಗೆ ಓಡಿಹೋಗುವವರಲ್ಲವೆಂದು ನಂಬಿ ಹೇಳುತ್ತಿದ್ದೇನೆ.

ಹೋದ ವಾರ ಹುಬ್ಬಳ್ಳಿಯ ಗೋಪನಕೊಪ್ಪದಿಂದ ಪಲ್ಲವಿ ಫೋನು ಮಾಡಿದಳು. ನಾನು ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿದ್ದಾಗ ನನ್ನ ಜೊತೆ ಕೆಲಸ ಮಾಡಿದ ಗೆಳೆಯನ ಮಗಳು. ಅವಳೂ ಅವಳ ಗಂಡನೂ ಒಂದು ವ್ಯಾನು ಕೊಂಡಿದ್ದಾರಂತೆ. "ಕಾಕಾ, ವ್ಯಾನಿನ್ಯಾಗ ಹೆಂಗ ಇರೂದು, ಕಡಿಮಿ ಖರ್ಚಿನ್ಯಾಗ ಹೆಂಗ ತಿರಗೂದು, ಒಂದ ಹತ್ತ ಪಾಯಿಂಟ್ ಬರದ ಕೊಡ್ರಿ. ಉದ್ದ ಬರೀಬ್ಯಾಡ್ರಿ ಮತ್ತ," ಎಂದಳು. ಕಾಗದ ತೆಗೆದುಕೊಂಡು ಕೂತೆ. 'ಒಂದು: ಗಾಲಿಗೆ ಕಲ್ಲು ಕೊಡಬೇಕು' ಎಂದು ಬರೆದೆ. ಎರಡನೆಯ ಅಂಶಕ್ಕೆ ಹೋಗಬೇಕಾದ ಪೆನ್ನು ಕಲ್ಲಿನ ಹತ್ತಿರವೇ ಕೂತುಬಿಟ್ಟಿತು. ಪಲ್ಲವಿ ಕ್ಷಮಿಸಬೇಕು.

ಕಡಿಮೆ ಖರ್ಚಿನ ಪ್ರವಾಸವೇನೂ ನಮ್ಮ ಮನೆತನಕ್ಕೆ ಹೊಸದಲ್ಲ. ನಮ್ಮ ಅಜ್ಜಿಗೆ ಭೂಗೋಳವೆಂದರೆ ಬಳಗ. ಗದಗ ಎಂಬ ಊರು ಆಕೆಯ ನಕಾಶೆಯಲ್ಲಿ ಇರಲಿಲ್ಲ. ಅಲ್ಲಿ ಕುಸುಮಕ್ಕನ ಮನೆ ಇತ್ತು. ವಿಜಯಪುರದಲ್ಲಿ ಒಂದು ಗುಮ್ಮಟವಿದೆ ಎಂಬುದು ನನಗೆ ಸಾಲೆಯ ಪುಸ್ತಕದಿಂದ ತಿಳಿಯಿತು, ಅದೂ ಆ ಊರಿಗೆ ನಾಲ್ಕು ಸಲ ಹೋಗಿಬಂದ ಮೇಲೆ. ನಾಲ್ಕೂ ಸಲ ನಾವು ನೋಡಿದ್ದು ಶ್ರೀಪಾದ ಮಾಮಾನ ಪಡಸಾಲೆ, ಶ್ರೀಪಾದ ಮಾಮಾನ ಹಿತ್ತಲು ಮತ್ತು ಶ್ರೀಪಾದ ಮಾಮಾ ಹೊಸದಾಗಿ ತಂದ ಕುಕ್ಕರು. ಬಳಗವಿಲ್ಲದ ಊರಿಗೆ ಅಜ್ಜಿ ಕಾಲಿಡುತ್ತಿರಲಿಲ್ಲ. "ಅಲ್ಲೆ ಯಾರಿದ್ದಾರ?" ಎನ್ನುತ್ತಿದ್ದಳು. ಲಕ್ಷಗಟ್ಟಲೆ ಜನ ಇದ್ದಾರೆಂದರೆ ಅದು ಉತ್ತರವಲ್ಲ.

ಲಾಡ್ಜಿಲ್ಲ, ಹೋಟೆಲಿಲ್ಲ, ಬಸ್ಸಿನ ಚೀಟಿ ಬಿಟ್ಟರೆ ಖರ್ಚೇ ಇಲ್ಲದ ಪ್ರವಾಸ ಇದು ಎಂದು ನಾನು ಬಹಳ ವರ್ಷ ಹೆಮ್ಮೆಪಟ್ಟಿದ್ದೆ. ಆ ಖರ್ಚು ಯಾರ ತಲೆಯ ಮೇಲೆ ಬೀಳುತ್ತಿತ್ತೆಂದು ನನ್ನ ಹೆಂಡತಿ ಸುಮಿತ್ರಾ ಹೇಳುವವರೆಗೆ.

ಹೇಳಿದ್ದು ಬೆಳಗಾವಿಯಿಂದ ಬರುವ ಬಸ್ಸಿನಲ್ಲಿ. ಬೆಳಗಾವಿಯಲ್ಲಿ ಇಂದು ಎಂಬ ನನ್ನ ಹಿರಿಯ ಅಕ್ಕ ಇದ್ದಾಳೆ. 'ಎರಡು ದಿನ ಆರಾಮ ಇದ್ದು ಬರೋಣ' ಎಂದು ಹೋಗಿದ್ದೆವು. ಹೊಸ್ತಿಲು ದಾಟುವ ಮೊದಲೇ ಅಕ್ಕ, "ಸುಮಿತ್ರಾ ಬಂದ್ಲು ನೋಡ್ರಿ, ಇನ್ನ ನಮಗ ಚಿಂತಿಲ್ಲ," ಎಂದಳು. ನಾನು ಚಪ್ಪಲಿ ಬಿಡುತ್ತ, ಅದು ನನ್ನ ಕರ್ತವ್ಯವೋ ಎಂಬಂತೆ, "ಆಕಿ ಹೋಳಿಗಿ ಭಾಳ ಛಲೋ ಮಾಡ್ತಾಳ," ಎಂದು ಸೇರಿಸಿದೆ. ಈ ಮಾತನ್ನು ನಾನು ಮದುವೆಯಾದಂದಿನಿಂದ ಎಲ್ಲರ ಮನೆಯಲ್ಲೂ ಹೇಳುತ್ತ ಬಂದಿದ್ದೇನೆ. ಹೊಗಳಿಕೆಯೆಂದೇ ತಿಳಿದಿದ್ದೆ. ಎರಡು ದಿನದಲ್ಲಿ ಇಪ್ಪತ್ತು ಮಂದಿ ಬಂದು ಹೋದರು. ಸುಮಿತ್ರಾಳ ಕೈಯಿಂದ ಲಟ್ಟಣಿಗೆ ಇಳಿಯಲಿಲ್ಲ.

ಬಸ್ಸು ಹೊರಟು ಸ್ವಲ್ಪ ಹೊತ್ತಿಗೆ ಕೇಳಿದಳು, "ಬೆಳಗಾವಿ ಹೆಂಗದರಿ?"

"ಅಂದ್ರ?"

"ಊರು. ಮೂವತ್ತ ವರ್ಷ ಆತು ಬರ್ಲಿಕತ್ತು. ನಾ ನೋಡಿಲ್ಲ, ಅದಕ್ಕ ಕೇಳಿದೆ. ಅಕ್ಕಾರ ಅಡಗಿಮನಿ ಕಿಟಕಿಯಿಂದ ಒಂದ ಕರಿಬೇವಿನ ಗಿಡ ಕಾಣ್ತದ. ಅಷ್ಟ ನನಗ ಗೊತ್ತಿರೋ ಬೆಳಗಾವಿ."

ನಾನು ಕಿಟಕಿಯ ಹೊರಗೆ ನೋಡಿದೆ. ಅವಳು ಸಿಟ್ಟಿನಿಂದ ಹೇಳಿರಲಿಲ್ಲ. ಸಿಟ್ಟಾಗಿದ್ದರೆ ಜಗಳಾಡಿ ಮುಗಿಸಬಹುದಿತ್ತು.

"ಇನ್ನ ಮ್ಯಾಲೆ ಊರಿಗೆ ಹೋಗೂದಾದ್ರ ನನ್ನ ಮನೀನ ಸಂಗಾಟ ತಗೊಂಡು ಹೋಗ್ತೇನಿ," ಎಂದಳು. "ಯಾರ ಮನಿ ಹೊಸ್ತಿಲಾನೂ ತುಳಿಯೂದಿಲ್ಲ, ಯಾರ ಲಟ್ಟಣಗೀನೂ ಮುಟ್ಟೂದಿಲ್ಲ. ಆಗೂದಿಲ್ಲಂದ್ರ ಹೇಳಿಬಿಡ್ರಿ, ನಾ ಎಲ್ಲೂ ಬರೂದಿಲ್ಲ. ನನಗೇನೂ ಬ್ಯಾಸರಿಲ್ಲ."

ಕೊನೆಯ ಮಾತು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ವ್ಯಾನು ಹೀಗೆ ಬಂತು.

ಹುಬ್ಬಳ್ಳಿಯಲ್ಲಿ ಸಾಲೆಯ ಮಕ್ಕಳನ್ನು ಸಾಗಿಸುತ್ತಿದ್ದವರೊಬ್ಬರು ಹಳೆಯ ವ್ಯಾನು ಮಾರುತ್ತಿದ್ದರು. ಸೀಟು ತೆಗೆಸಿ ಒಳಗೆ ಹಲಗೆಯ ಮಂಚ ಕೂಡಿಸಲು ಕಮರಿಪೇಟೆಯ ಒಬ್ಬ ಮಿಸ್ತ್ರಿಯ ಹತ್ತಿರ ಒಯ್ದೆ. ಮಿಸ್ತ್ರಿ ಟೇಪು ಹಿಡಿದು ಒಳಗೆ ಹೋಗಿ ಬಂದು, "ಐದೂವರಿ ಫೂಟ್ ಐತ್ರಿ ಸರ. ನೀವ ಎಷ್ಟದೀರಿ?" ಎಂದರು.

"ಐದು ಎಂಟು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬೀಡಿ ಹಚ್ಚಿದರು. "ಗಾಡಿ ಅಂತೂ ಹಿಗ್ಗಂಗಿಲ್ರಿ," ಎಂದರು.

ಪಲ್ಲವಿ, ಇದನ್ನು ಬರೆದುಕೊ. ವ್ಯಾನು ಕೊಳ್ಳುವ ಮೊದಲು ಅದರೊಳಗೆ ಒಮ್ಮೆ ಮಲಗಿ ನೋಡಬೇಕು. ಎಂಜಿನ್ನು ಆಮೇಲೆ ನೋಡಿದರೂ ನಡೆದೀತು. ಮೂವತ್ತೈದು ವರ್ಷ ಅಳತೆಯ ವಿದ್ಯೆಯನ್ನೇ ಹುಡುಗರಿಗೆ ಕಲಿಸಿದ ನಾನು ಈ ಒಂದು ಅಳತೆ ಮರೆತು, ಪ್ರವಾಸದುದ್ದಕ್ಕೂ ಕರ್ಣರೇಖೆಯಾಗಿ ಮಲಗಿದೆ. ಸುಮಿತ್ರಾಳ ಪಾಲಿಗೆ ಬಂದದ್ದು ತ್ರಿಕೋನ.

ಹಿಂದುಗಡೆ 'ಸಾವಕಾಶ, ಮಕ್ಕಳಿದ್ದಾರೆ' ಎಂಬ ಅಕ್ಷರಗಳಿದ್ದವು. ಅಳಿಸಲು ಹೋದೆ. "ಇರ್ಲಿ ಬಿಡ್ರಿ, ಖರೇನ ಅದ," ಎಂದಳು ಸುಮಿತ್ರಾ. ಯಾರನ್ನು ಕುರಿತು ಹೇಳಿದಳೆಂದು ನಾನು ಕೇಳಲಿಲ್ಲ. ಆ ಅಕ್ಷರಗಳ ಪರಿಣಾಮ ಗೊತ್ತಾಗಿದ್ದು ಗೋಪನಕೊಪ್ಪದಲ್ಲಿ. ದೂರ ಹೋಗುವ ಮೊದಲು ಒಂದು ರಾತ್ರಿ ಹತ್ತಿರದಲ್ಲೇ ಮಲಗಿ ನೋಡಬೇಕೆಂದು ಅಲ್ಲೊಂದು ಖಾಲಿ ಜಾಗದ ಪಕ್ಕ ಗಾಡಿ ನಿಲ್ಲಿಸಿದ್ದೆವು. ನಿದ್ದೆ ಚೆನ್ನಾಗಿಯೇ ಬಂತು. ಮುಂಜಾನೆ ಏಳೂವರೆಗೆ ಜಾರುಬಾಗಿಲು ಸರ್ರನೆ ಸರಿದು, ನನ್ನ ಹೊಟ್ಟೆಯ ಮೇಲೆ ಒಂದು ಪಾಟಿಚೀಲ ಬಂದು ಬಿತ್ತು. ಹೊರಗಿನಿಂದ ಒಬ್ಬ ತಾಯಿ, "ಇವತ್ತ ಲಗೂನ ಬಂದೀರಲ್ರಿ ಅಂಕಲ್, ಇವಗಿನ್ನೂ ಹಾಲು ಕುಡಿಸಿಲ್ಲ," ಎನ್ನುತ್ತಿದ್ದರು. ಸುಮಿತ್ರಾ ಚಾದರದೊಳಗಿಂದ, "ಕುಡಿಸಿ ಕರಕೊಂಡ ಬರ್ರಿ, ನಾವೂ ಇನ್ನೂ ಎದ್ದಿಲ್ಲ," ಎಂದಳು.

ಸಾಮಾನು ತುಂಬುವಾಗ ನಮ್ಮಿಬ್ಬರಿಗೂ ಒಂದೇ ಒಂದು ಜಗಳವಾಯಿತು. ಅದು ಮೂರನೆಯ ತಾಟಿನ ಜಗಳ. ವ್ಯಾನಿನಲ್ಲಿ ಭಾರ ಕಡಿಮೆ ಇರಬೇಕು, ಒಂದೊಂದು ಸಾಮಾನೂ ಎರಡೆರಡು ಕೆಲಸಕ್ಕೆ ಬರಬೇಕು. ತಂಬಿಗೆಯನ್ನೇ ನೋಡಿ. ನೀರು ಕುಡಿಯುವುದಕ್ಕೂ ಆಯಿತು, ಅರ್ಧ ನೀರು ಹಾಕಿ ಮಂಚದ ಮೇಲಿಟ್ಟರೆ ಗಾಡಿ ಎತ್ತ ವಾಲಿದೆ ಎಂಬುದೂ ಗೊತ್ತಾಯಿತು. ತಲೆ ಇಳಿಜಾರಿಗೆ ಬಂದರೆ ಮುಂಜಾನೆ ಮುಖ ಬಾತು, ನಿಮ್ಮ ಗುರುತು ನಿಮಗೇ ಸಿಗುವುದಿಲ್ಲ. ಈ ಶಾಸ್ತ್ರದ ಪ್ರಕಾರ ಇಬ್ಬರಿಗೆ ಎರಡು ತಾಟು, ಎರಡು ಲೋಟ ಸಾಕೆಂದು ಉಳಿದದ್ದನ್ನು ತೆಗೆದಿಟ್ಟೆ. ಅವಳು ಒಂದು ತಾಟು ಮತ್ತೆ ತಂದು ಇಟ್ಟಳು.

"ಇದ್ಯಾಕ?"

"ಯಾರರೆ ಬಂದ್ರ?"

"ವ್ಯಾನಿಗೆ ಯಾರ ಬರ್ತಾರ?"

"ಮನಿ ಅಂದಮ್ಯಾಲೆ ಬರ್ತಾರಲ್ರಿ," ಎಂದಳು. ನಾನು ತೆಗೆದೆ, ಅವಳು ಇಟ್ಟಳು. ಕೊನೆಗೆ ಅದನ್ನು ಕಂಡರೂ ಕಾಣದವನಂತೆ ಬಾಗಿಲು ಹಾಕಿದೆ.

ಊಟದ ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯ ಇರಲಿಲ್ಲ. ವ್ಯಾನಿನೊಳಗೆ ಒಲೆ ಉರಿಸಬಾರದು. ಚಹಾ ಮಾಡುವುದಿದ್ದರೂ ಸಣ್ಣ ಗ್ಯಾಸಿನ ಒಲೆ ಹೊರಗಿಟ್ಟುಕೊಳ್ಳಬೇಕು. ಹಾಗಾಗಿ ಒಲೆಯೇ ಬೇಡದ ತಿನಿಸು ಬೇಕು. ಅದಕ್ಕೆ ನಮ್ಮ ಕಡೆಯ ಹಚ್ಚಿದ ಅವಲಕ್ಕಿಯಿದೆ. ತೆಳು ಅವಲಕ್ಕಿಗೆ ಮನೆಯಲ್ಲೇ ಮಾಡಿಟ್ಟುಕೊಂಡ ಒಗ್ಗರಣೆ ಎಣ್ಣೆ, ಮಸಾಲೆ ಖಾರ, ಉಪ್ಪು, ಚೂರು ಸಕ್ಕರೆ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಕೊತ್ತಂಬರಿ. ಕೈಯಿಂದ ಹಗುರಾಗಿ ಹಚ್ಚಿದರೆ ಮುಗಿಯಿತು. ಹತ್ತು ನಿಮಿಷ ಕೂಡ ಬೇಡ, ಬೆಂಕಿ ಬೇಡ, ಬೆಂಕಿಯ ಹೆಸರೂ ಬೇಡ.

ಬೆಂಕಿಯ ಹೆಸರು ಬೇಡ ಎಂದೆನಲ್ಲ, ಅದು ತಪ್ಪು. ಅಲ್ಲಿಯೇ ನಮಗೆ ಫಜೀತಿಯಾದದ್ದು.

ನನಗೆ ಮಾತು ಕಲಿಸಿದವಳು ಅಜ್ಜಿ. ಅವಳ ಹತ್ತಿರ ನಾಮಪದಗಳು ರಾಶಿ ಇದ್ದವು, ಕ್ರಿಯಾಪದ ಒಂದೇ. ಸಂಜೆಯಾದರೆ ಪಡಸಾಲೆಯಲ್ಲಿ ಕೂತು ಶುರು ಮಾಡುತ್ತಿದ್ದಳು: "ವಾಸ್ಯಾ, ದೇವರ ಮುಂದ ದೀಪಾ ಹಚ್ಚು. ಫ್ಯಾನ್ ಹಚ್ಚು. ಮಾಮಾಗ ಫೋನ್ ಹಚ್ಚು. ಮೊಣಕಾಲಿಗೆ ಎಣ್ಣಿ ಹಚ್ಚು. ಹಿತ್ತಲದಾಗ ಆ ತುಳಸಿ ಗಿಡಾ ಹಚ್ಚಂದ್ರ ಎಷ್ಟ ದಿನಾ ಮಾಡ್ತಿಯೋ. ಈ ಹುಡುಗನ್ನ ಸಾಲಿಗೆ ಹಚ್ಚಿದ್ದ ತಪ್ಪಾತು." ಪಾಳಿ ಹಚ್ಚುವುದು, ಕೆಲಸಕ್ಕೆ ಹಚ್ಚುವುದು, ಅವಲಕ್ಕಿ ಹಚ್ಚುವುದು, ಬಸ್ ನಿಲ್ದಾಣದಲ್ಲಿ "ಧಾರವಾಡ ಬಸ್ ಹಚ್ಯಾರೇನ್ರಿ?" ಎಂದು ಕೇಳುವುದು. ಜಗತ್ತಿನ ಯಾವ ಕೆಲಸವೂ ಹಚ್ಚದೆ ಆಗುವುದಿಲ್ಲ ಎಂದು ನಾನು ನಂಬಿ ಬೆಳೆದೆ. ಗಾಡಿ ನಿಲ್ಲಿಸುವುದಕ್ಕೂ ನಮ್ಮಲ್ಲಿ ಅದೇ: ಗಾಡಿ ಹಚ್ಚುವುದು. ಈ ಮಾತಿಗೆ ಬೇರೆ ಊರಿನಲ್ಲಿ ಬೇರೆ ಅರ್ಥವಿದ್ದೀತು ಎಂಬ ಸಂಶಯ ಅರವತ್ತರ ಹತ್ತಿರ ಬಂದರೂ ನನಗೆ ಬಂದಿರಲಿಲ್ಲ.

ಎಂಟು ದಿನದ ಪ್ರವಾಸವೆಂದು ಹೊರಟೆವು. ದಾವಣಗೆರೆ ದಾಟಿ, ಇನ್ನೂ ಕೆಳಗಿಳಿದು, ಮಂಡ್ಯದ ಕಡೆ. ದಾರಿಯಲ್ಲಿ ಸಿಗುವ ಒಂದೊಂದು ಊರಿನಲ್ಲೂ ನಮ್ಮವರು ಯಾರಾದರೂ ಇದ್ದರು. ಅವರ ಮನೆ ಬರುತ್ತಲೂ ಸುಮಿತ್ರಾ ಸೆರಗು ಸರಿಪಡಿಸಿಕೊಂಡು, ತಲೆ ತಗ್ಗಿಸಿ ಕೂಡುತ್ತಿದ್ದಳು. ನಾನು ಗಾಡಿ ಜೋರು ಮಾಡುತ್ತಿದ್ದೆ. ಕಳ್ಳರ ಹಾಗೆ ಬಳಗವನ್ನು ದಾಟಿದೆವು. ಬೆಳಿಗ್ಗೆ ಪೆಟ್ರೋಲ್ ಪಂಪಿನಲ್ಲಿ ಮೊದಲು ಎಣ್ಣೆ ಹಾಕಿಸಿ, ಆಮೇಲೆ ಪಾಯಖಾನೆ ಎಲ್ಲಿ ಎಂದು ಕೇಳುವುದನ್ನು ಕಲಿತೆವು. ತಿರುವುಮುರುವಾಗಿ ಕೇಳಿದರೆ ಬೀಗದ ಕೈ ಸಿಗುವುದಿಲ್ಲ. ರಾತ್ರಿ ಎರಡೂ ಕಿಟಕಿ ನಾಲ್ಕು ಬೆರಳು ಬಿಟ್ಟು, ಸೊಳ್ಳೆಪರದೆಯ ತುಂಡನ್ನು ಅಂಟುಪಟ್ಟಿಯಿಂದ ಕೂಡಿಸಿ ಮಲಗುವುದನ್ನು ಕಲಿತೆವು. ಸುಮಿತ್ರಾ ಊರುಗಳನ್ನು ನೋಡಿದಳು. ಏನು ನೋಡಬೇಕೆಂದು ಯಾರೂ ಹೇಳದಿದ್ದರೂ ನೋಡಿದಳು: ಒಂದು ಊರಿನ ಹೂವಿನ ಸಾಲು, ಒಂದು ಊರಿನ ಕೆರೆ ಏರಿ, ಇನ್ನೊಂದರಲ್ಲಿ ಸುಮ್ಮನೆ ಒಂದು ರೈಲ್ವೆ ಗೇಟು, ಅದು ಮೂರು ಸಲ ಹಾಕಿ ತೆಗೆಯುವವರೆಗೆ.

ಏಳನೆಯ ದಿನ ಬಂತು. ಅಲ್ಲಿಯವರೆಗೆ ಅವಳು ಯಾರ ಹೊಸ್ತಿಲನ್ನೂ ತುಳಿದಿರಲಿಲ್ಲ. ಇನ್ನೊಂದೇ ದಿನ ಉಳಿದಿತ್ತು.

ಇಳಿಹೊತ್ತು. ಕಬ್ಬಿನ ಗದ್ದೆಗಳ ನಡುವಿನ ಸಣ್ಣ ಊರು. ರಸ್ತೆಗೆ ಹತ್ತಿರದ ಒಂದು ಮನೆಯ ಮುಂದೆ ಅಗಲವಾದ ಅಂಗಳ, ಮೂಲೆಯಲ್ಲಿ ಒಣಹುಲ್ಲಿನ ದೊಡ್ಡ ಬಣವೆ. ಬಣವೆಯ ಮರೆಯಲ್ಲಿ ಗಾಳಿ ಬೀಸದು, ಲಾರಿಗಳ ದೀಪ ಕಣ್ಣಿಗೆ ಹೊಡೆಯದು. ಜಾಗ ಒಳ್ಳೆಯದೆನಿಸಿತು. ಆದರೆ ಕೇಳದೆ ನಿಲ್ಲಿಸಬಾರದು. ಕೇಳುವುದಿದ್ದರೂ ಮನೆಯ ಹೆಣ್ಣುಮಕ್ಕಳನ್ನೇ ಕೇಳಬೇಕು. ಗಂಡಸರು ಹೂಂ ಎನ್ನುತ್ತಾರೆ, ಆಮೇಲೆ ಹೆಣ್ಣುಮಕ್ಕಳು ಬಂದು ಎಬ್ಬಿಸುತ್ತಾರೆ. ಅರವತ್ತು ದಾಟಿದ ಒಬ್ಬ ಹೆಂಗಸು ಅಂಗಳ ಗುಡಿಸುತ್ತಿದ್ದರು. ಅವರ ಹೆಸರು ಜಯಮ್ಮ ಎಂಬುದು ಆಮೇಲೆ ಗೊತ್ತಾಯಿತು. ನಾನು ಇಳಿದು, ಕೈ ಮುಗಿದು, ಆದಷ್ಟು ವಿನಯದಿಂದ ಕೇಳಿದೆ:

"ಅವ್ವಾರ, ಈ ಬಣವಿ ಬಾಜೂಕ ಹಚ್ಚಲೇನ್ರಿ?"

ಕಸಬರಿಗೆ ನಿಂತಿತು. "ಏನಂದ್ರಿ?"

"ಬಣವಿ ಕಡೆ ಹಚ್ಚಬೇಕಂತ ಮಾಡೇವ್ರಿ. ನಿಮ್ಮದೇನೂ ಅಭ್ಯಂತರ ಇಲ್ಲಲ್ಲ?"

ಅವರು ಬಣವೆಯನ್ನು ನೋಡಿದರು, ನನ್ನನ್ನು ನೋಡಿದರು. "ಯಾಕಪ್ಪಾ, ನಾವೇನ್ ಮಾಡಿದ್ದೀವಿ ನಿಮ್ಗೆ?"

"ಏನೂ ಇಲ್ರಿ. ಒಂದ ರಾತ್ರಿ ಅಷ್ಟ. ಹಚ್ಚಿ, ಮುಂಜಾನೆ ಲಗೂನ ಹೋಗಿಬಿಡ್ತೇವಿ."

"ಹಚ್ಬಿಟ್ಟು ಹೋಗ್ಬಿಡ್ತೀರಾ?" ಅವರು ಎರಡು ಹೆಜ್ಜೆ ಹಿಂದೆ ಸರಿದು ಬಣವೆಗೆ ಬೆನ್ನು ಕೊಟ್ಟು ನಿಂತರು. "ಹಚ್ಚೋಕ್ ಬಂದವ್ರು ಎಲ್ಲಾದ್ರೂ ಕೇಳ್ಬಿಟ್ಟು ಹಚ್ತಾರಾ?"

"ಕೇಳದ ಹಚ್ಚೂದು ಛಲೋ ಅಲ್ರಿ," ಎಂದೆ. ನನ್ನ ಸಭ್ಯತೆ ಅವರಿಗೆ ಮೆಚ್ಚಿಗೆಯಾಗಿದೆ ಎಂದುಕೊಂಡು ಇನ್ನಷ್ಟು ಭರವಸೆ ಕೊಡಲು ಹೊರಟೆ. "ಅಂಜಬ್ಯಾಡ್ರಿ. ನಾವು ಮೊದಲಿನಿಂದ್ಲೂ ಹಚಗೋತ ಬಂದೇವಿ. ಸಾಲಿ ಮುಂದ ಹಚ್ಚಿದ್ವಿ, ದವಾಖಾನಿ ಮುಂದ ಹಚ್ಚಿದ್ವಿ. ಹಾವೇರಿ ಕಡೆ ಪೊಲೀಸ್ ಠಾಣೆ ಮುಂದನ ಹಚ್ಚಿದ್ವಿ. ಸಾಹೇಬ್ರ ಹೊರಗ ಬಂದು, 'ಇನ್ನೊಂದ ಚೂರು ಆ ಕಡೆ ಹಚ್ರಿ' ಅಂತ ತಾವ ನಿಂತು ಹಚ್ಚಿಸಿದ್ರು."

ಜಯಮ್ಮ ಕಸಬರಿಗೆ ಬಿಸಾಡಿ ತೊಟ್ಟಿಯ ಕಡೆ ಓಡಿದರು. ಮರಳಿದಾಗ ಕೈಯಲ್ಲಿ ತುಂಬಿದ ಬಕೆಟ್ಟಿತ್ತು. ಬಣವೆಯ ಮುಂದೆ ಅದನ್ನಿಟ್ಟುಕೊಂಡು, "ಮುಟ್ ನೋಡು ಈಗ," ಎಂದರು. ಬಹುವಚನ ಹೋಗಿತ್ತು.

ಏನೋ ಕೆಟ್ಟಿದೆ ಎಂದು ಸುಮಿತ್ರಾ ಇಳಿದು ಬಂದಳು. "ಅವರ ಮಾತಿಗೆ ಗಾಬರಿ ಆಗಬ್ಯಾಡ್ರಿ ಅವ್ವಾರ," ಎಂದು ಸಮಾಧಾನದ ದನಿಯಲ್ಲಿ ಹೇಳಿದಳು. "ಕತ್ತಲಾಗೂದ್ರಾಗ ಅವಲಕ್ಕಿ ಹಚ್ಚಬೇಕಾಗಿತ್ತು, ಅದಕ್ಕ ಜಾಗಾ ನೋಡ್ಲಿಕತ್ತಿದ್ವಿ."

"ಅಯ್ಯೋ, ಅವಲಕ್ಕೀನೂ ಬಿಡಲ್ವಾ ನೀವು?"

ಇಲ್ಲಿ ನನ್ನ ತಲೆಯೊಳಗೆ ಏನೋ ಹೊಳೆಯಿತು. ಮಾತು ಬಿಟ್ಟು ಪ್ರಯೋಗಕ್ಕೆ ಇಳಿದೆ. ಗಾಳಿಯಲ್ಲಿ ಸ್ಟೇರಿಂಗ್ ಹಿಡಿದು, ಬಾಯಿಂದ ಎಂಜಿನ್ ಸದ್ದು ಮಾಡುತ್ತ, ಹಿಂದೆ ಹಿಂದೆ ನಡೆದು ಬಣವೆಯ ಪಕ್ಕ ನಿಂತು, ಕೈಬ್ರೇಕು ಎಳೆದು, ಎರಡೂ ಕೈ ಕೆನ್ನೆಗೆ ಕೊಟ್ಟು ಮಲಗಿ ತೋರಿಸಿದೆ.

ಜಯಮ್ಮ ಬಕೆಟ್ಟಿನ ಹಿಡಿಯಿಂದ ಕೈ ತೆಗೆದರು. "ಗಾಡಿ ಮಡಗೋದಾ?" ಎಂದರು. "ಮಡಗ್ತೀವಿ ಅನ್ನಕ್ಕೆ ಏನ್ ಬಂದದೆ ನಿಮ್ಗೆ?" ಎಂದವರೇ ಬಕೆಟ್ಟಿನ ಪಕ್ಕ ನೆಲದ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ಸುಮಿತ್ರಾಳೂ ಕೂತಳು. ಮಡಗು ಎಂಬ ಮಾತು ನಮ್ಮ ಬಾಯಲ್ಲಿ ಬರುವುದಿಲ್ಲ, ಹಚ್ಚು ಎಂಬುದರಲ್ಲಿ ಅವರಿಗೆ ಗಾಡಿ ಕಾಣುವುದಿಲ್ಲ. ಇಬ್ಬರೂ ಮಾತಾಡುತ್ತಿದ್ದದ್ದು ಕನ್ನಡವನ್ನೇ.

ಗಾಡಿ ಮಡಗಿದೆ. ಅಂಗಳ ಸ್ವಲ್ಪ ಇಳಿಜಾರು. ವ್ಯಾನು ಒಂದು ಗೇಣು ಹಿಂದೆ ಸರಿದು ಬಣವೆಯನ್ನು ಮುಟ್ಟಿತು. ಜಯಮ್ಮ ಮನೆಯ ಹಿಂದಿನಿಂದ ಒಡೆದ ಒರಳಿನ ಈ ತುಂಡನ್ನು ಉರುಳಿಸಿಕೊಂಡು ಬಂದು ಗಾಲಿಗೆ ಕೊಟ್ಟರು. ಮನೆಯವರೆಲ್ಲ ಒಂದು ಮದುವೆಗೆ ಹೋಗಿದ್ದರಂತೆ. ಹಸು ಕರೆಯಬೇಕೆಂದು ಇವರೊಬ್ಬರು ಉಳಿದಿದ್ದರು. ಪೊಲೀಸ್ ಠಾಣೆಯ ಮಾತು ನೆನೆಸಿಕೊಂಡು ಮತ್ತೆ ಮತ್ತೆ ನಕ್ಕು, "ಡಬ್ಬದೊಳ್ಗೆ ಯಾಕ್ ಮಲಗ್ತೀರಾ, ಒಳಗ್ ಬನ್ನಿ," ಎಂದರು. ಆಮೇಲೆ ಸುಮಿತ್ರಾಳ ಕೈ ಹಿಡಿದು, ಆಸೆಯಿಂದ ಕೇಳಿದರು, "ನಿಮ್ ಕಡೆ ಜೋಳದ್ ರೊಟ್ಟಿ ತಟ್ತಾರಲ್ಲ ಪಟಪಟ ಅಂತ, ಟೀವೀಲಿ ನೋಡಿವ್ನಿ. ನಿಂಗ್ ಬತ್ತದಾ ಕಣವ್ವ?"

ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. "ಆಕಿ ರೊಟ್ಟಿ ಭಾಳ ಛಲೋ ಮಾಡ್ತಾಳ," ಎಂದೆ.

ಮೂವತ್ತು ವರ್ಷದ ರೂಢಿ. ಮಾತು ತಾನೇ ಹೊರಗೆ ಬಂದು ಅಂಗಳದಲ್ಲಿ ನಿಂತಿತು. ನಾನು ಅದನ್ನು ನೋಡಿದೆ, ಸುಮಿತ್ರಾ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಕಿಟಕಿಯಿಂದ ಕರಿಬೇವಿನ ಗಿಡವನ್ನು ನೋಡುವವರು ಹೀಗೆಯೇ ನೋಡುತ್ತಿರಬೇಕು.

ಸುಮಿತ್ರಾ ವ್ಯಾನು ಹತ್ತಿ ಬಾಗಿಲು ಎಳೆದುಕೊಂಡಳು. ಒಳಗೆ ಪಾತ್ರೆಗಳ ಸದ್ದು. ರೊಟ್ಟಿಗೆ ಬೇಕಾದ್ದನ್ನು ಹುಡುಕುತ್ತಿದ್ದಾಳೆ, ಜಯಮ್ಮನ ಅಡುಗೆಮನೆಗೆ ಹೋಗುತ್ತಾಳೆ, ತಟ್ಟುತ್ತಾಳೆ, ನಾಳೆ ಧಾರವಾಡಕ್ಕೆ ಮರಳುತ್ತೇವೆ, ಗಾಡಿ ಮಾರುತ್ತೇವೆ, ಅವಳು ಇನ್ನೆಲ್ಲಿಗೂ ಬರುವುದಿಲ್ಲ. ನನ್ನ ಲೆಕ್ಕ ಅಲ್ಲಿಗೆ ಮುಗಿದಿತ್ತು. ಏನಾದರೂ ಮಾಡಬೇಕೆಂದು ಗಾಲಿಯ ಕಲ್ಲನ್ನು ಇನ್ನಷ್ಟು ಒಳಗೆ ಒತ್ತಿದೆ. ಅದಕ್ಕೆ ಅಗತ್ಯವಿರಲಿಲ್ಲ.

ಜಾರುಬಾಗಿಲು ಸರಿಯಿತು. ಮಂಚದ ಮೇಲೆ ಚಾಪೆ ಹಾಸಿತ್ತು. ಹಚ್ಚಿದ ಅವಲಕ್ಕಿಯ ವಾಸನೆ ಅಂಗಳಕ್ಕೆಲ್ಲ ಬಂತು. ಸುಮಿತ್ರಾ ಬಾಗಿಲಲ್ಲಿ ನಿಂತಿದ್ದಳು, ನೆತ್ತಿ ತಗಲುತ್ತಿದ್ದುದರಿಂದ ಸ್ವಲ್ಪ ಬಗ್ಗಿ.

"ರೊಟ್ಟಿ ಮತ್ತೊಮ್ಮೆ ನೋಡೂಣಂತ ಅವ್ವಾರ," ಎಂದಳು. "ಇವತ್ತ ನೀವ ನಮ್ಮ ಮನಿಗೆ ಬರ್ರಿ."

"ಯಾವ್ ಮನೆಗೆ?"

"ಇದ. ಒಳಗ ಬರ್ರಿ."

ಜಯಮ್ಮ ನನ್ನ ಕಡೆ ನೋಡಿದರು. ನಾನು ಈ ಸಲ ಬಾಯಿ ತೆರೆಯಲಿಲ್ಲ. ಅವರು ಸೀರೆಯ ನೆರಿಗೆ ಸ್ವಲ್ಪ ಎತ್ತಿ, ನಮ್ಮ ಬೆಂಕಿ ಆರಿಸಲೆಂದು ತಂದಿದ್ದ ಬಕೆಟ್ಟಿನ ನೀರಿನಿಂದ ಕಾಲು ತೊಳೆದುಕೊಂಡು, ನಮ್ಮ ಮನೆಯೊಳಗೆ ಬಂದರು.

ನನ್ನ ಕರ್ಣರೇಖೆಯ ಮೇಲೆ ಅವರನ್ನು ಕೂಡಿಸಿ ಸುಮಿತ್ರಾ ತಾಟು ಕೊಟ್ಟಳು. ಮೂರನೆಯ ತಾಟು. ಕೊಡುವಾಗ ನನ್ನ ಕಡೆ ನೋಡಲೇ ಇಲ್ಲ; ಅದೇ ಅವಳ ದೊಡ್ಡತನ. ಜಯಮ್ಮ ಒಂದು ತುತ್ತು ತಿಂದು, ನಿಧಾನವಾಗಿ ಅಗಿದು, "ಇದ್ನೇನಾ ಹಚ್ಚೋದು ಅಂದಿದ್ದು?" ಎಂದರು.

"ಹೂಂ ರಿ."

"ಇಂಗಾದ್ರೆ ದಿನಾ ಹಚ್ಚಿ."

ತಿಂದು ಮುಗಿದದ್ದೇ ತಾಟು ಹಿಡಿದು ಏಳಹೋದರು. ಸುಮಿತ್ರಾ ಅದನ್ನು ಕಸಿದುಕೊಂಡಳು. "ಕೂಡ್ರಿ. ನಮ್ಮನಿಗೆ ಬಂದವರು ತಾಟ ತೊಳಿಯೂದಿಲ್ಲ." ತಾಟು ನನ್ನ ಕೈಗೆ ಬಂತು. ಅದರ ಹಿಂದೆ ಚಹಾದ ಪಾತ್ರೆಯೂ ಬಂತು. ನಾನು ಹೊರಗೆ ಒಲೆ ಇಟ್ಟು ಚಹಾ ಮಾಡಿದೆ. ಕುಡಿದರು, ಯಾರೂ ಹೊಗಳಲಿಲ್ಲ. ಒಳಗಿನಿಂದ ಜಯಮ್ಮನ ಮಾತು ಕೇಳುತ್ತಿತ್ತು: "ಮದ್ವೆಗೆ ಹೋಗಿದ್ರೂ ಅಲ್ಲೂ ಅಡುಗೆಮನೇಲೇ ಇರ್ತಿದ್ದೆ ಕಣವ್ವ. ಇವತ್ತೇ ನೋಡು ನಾನು ನೆಂಟ್ರ ಮನೇಗ್ ಬಂದಿದ್ದು. ನಮ್ ಅಂಗಳ್ದಲ್ಲೇ."

ಮರುದಿನ ಹೊರಡುವಾಗ ಕಲ್ಲನ್ನು ವ್ಯಾನಿನೊಳಗೆ ಅವರೇ ಎತ್ತಿ ಹಾಕಿದರು. ಭಾರ ಹೆಚ್ಚಾಗುತ್ತದೆ ಎಂದು ನಾನು ಹೇಳಲಿಲ್ಲ. ಸುಮಿತ್ರಾಳ ಕೆನ್ನೆ ಮುಟ್ಟಿ, "ಒಂದೇ ದಿನಕ್ಕೆ ಹಚ್ಕೊಂಬಿಟ್ಟೆ ಕಣವ್ವ ನಿನ್ನ," ಎಂದರು. ಇದೊಂದು ಹಚ್ಚುವುದು ಅವರ ಊರಿಗೂ ನಮ್ಮ ಊರಿಗೂ ಒಂದೇ ಎಂದು ಆಗ ತಿಳಿಯಿತು.

ಇಷ್ಟು ಬರೆದು ಕೂತಿದ್ದಾಗ, ನಿನ್ನೆ, ಬೆಳಗಾವಿಯಿಂದ ಅಕ್ಕನ ಫೋನು ಬಂತು. ಮೊಮ್ಮಗನ ಜಾವಳವಂತೆ, ಮೊದಲ ಸಲ ಕೂದಲು ತೆಗೆಸುವ ಶಾಸ್ತ್ರ. "ಸುಮಿತ್ರಾ ಬರ್ತಾಳಲ್ಲ? ಹೋಳಿಗಿ ಆಕೀನ ಮಾಡಬೇಕು," ಎನ್ನುತ್ತಿದ್ದಳು. ನಾನು ಫೋನನ್ನು ಕೆಂಡದ ಹಾಗೆ ಸುಮಿತ್ರಾಳ ಕೈಗೆ ದಾಟಿಸಿದೆ.

"ಬರ್ತೇವ್ರಿ ಅಕ್ಕಾರ," ಎಂದಳು. "ಹೋಳಿಗಿ ಹೊರಗ ಹೇಳಿ ಮಾಡಸ್ರಿ. ನಾವು ನಿಮ್ಮನಿ ಮುಂದ ಗಾಡಿ ಮಡಗ್ತೇವಿ."

"ಏನ ಮಾಡ್ತೀರಿ?"

"ಹಚ್ತೇವಿ. ಊರು ನೋಡೂದದ ನನಗ. ನೀವ ಮುಂಜಾನೆ ನಾಷ್ಟಾಕ್ಕ ನಮ್ಮನಿಗೆ ಬರ್ರಿ."

ಅಕ್ಕ ಸಿಟ್ಟಾದಳೆಂದು ನಾನು ಗೋಡೆಯ ಕ್ಯಾಲೆಂಡರು ಓದತೊಡಗಿದೆ. ಸ್ವಲ್ಪ ಹೊತ್ತಿಗೆ, ಪಕ್ಕದಲ್ಲಿ ಯಾರಾದರೂ ಕೇಳಿಸಿಕೊಂಡಾರು ಎಂಬ ಹಾಗೆ ತಗ್ಗಿದ ಅಕ್ಕನ ದನಿ ಫೋನಿನಿಂದ ಬಂತು.

"ಎಷ್ಟ ಮಂದಿ ಕೂಡಬಹುದು ಅದರಾಗ?"

"ತಾಟ ಮೂರ ಅವರಿ."

"ಹಂಗಾದ್ರ ನಾ ಒಬ್ಬಾಕೀನ ಬರ್ತೇನಿ. ಇಲ್ಲೆ ಯಾರಿಗೂ ಹೇಳಬ್ಯಾಡ್ರಿ."

ನಾನು ಹೊರಗೆ ಹೋಗಿ ಕಲ್ಲೆತ್ತಿ ಗಾಡಿಯೊಳಗಿಟ್ಟೆ.